ಶಾಂತವಾದ ಬೆಟ್ಟದೂರಲ್ಲಿ ನೆಲೆಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಈಗಿರುವುದು ನನ್ನ ಮೂರನೆಯ ಬೆಟ್ಟದೂರು. ಮೊದಲಿನ ಎರಡನ್ನೂ ತಪ್ಪಾಗಿ ಆರಿಸಿದ್ದೆ. ಒಂದನ್ನು ನೋಟಕ್ಕೆ ಮರುಳಾಗಿ, ಇನ್ನೊಂದನ್ನು ಬಾಡಿಗೆ ಕಮ್ಮಿ ಅಂತ. ಆ ತಪ್ಪುಗಳ ಸುದ್ದಿ ಹರಡಿದ ಮೇಲೆ ಫೋನಿನಲ್ಲಿ, ಪತ್ರದಲ್ಲಿ, ಬಸ್ಸಲ್ಲಿ ಪಕ್ಕ ಕೂತಾಗಲೂ ಜನ ಪ್ರಶ್ನೆ ಕೇಳುತ್ತಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರ ಮಾತಲ್ಲೇ ಇಟ್ಟು ಇಲ್ಲಿ ಉತ್ತರ ಬರೆದಿದ್ದೇನೆ. ಸುಲಭದ್ದು ಮೊದಲು, ತೊಡಕಿನದ್ದು ಆಮೇಲೆ.

## ಶುರುವಿನ ಪ್ರಶ್ನೆಗಳು

ರಜೆಗೆ ಹೋದಾಗ ಒಂದು ಊರು ತುಂಬಾ ಇಷ್ಟ ಆಯ್ತು. ಅಲ್ಲೇ ಹೋಗಿ ಇದ್ದುಬಿಡೋಣ ಅನ್ನಿಸ್ತಿದೆ. ಸರಿನಾ?

ಇರಬಹುದು. ಆದರೆ ನೀವು ನೋಡಿರುವುದು ಆ ಊರು ಚೆನ್ನಾಗಿ ಕಾಣುವ ನಾಲ್ಕು ದಿನ ಮಾತ್ರ. ಊರಿನವರನ್ನು ಒಂದೇ ಒಂದು ಮಾತು ಕೇಳಿ: "ಇಲ್ಲಿ ಅತಿ ಕೆಟ್ಟ ತಿಂಗಳು ಯಾವುದು?" ಎಲ್ಲರೂ ಥಟ್ಟನೆ ಹೇಳುತ್ತಾರೆ, ಯೋಚನೆ ಮಾಡುವುದೇ ಇಲ್ಲ. ಕೆಲವು ಕಡೆ ಅದು ಎಡೆಬಿಡದೆ ಮಳೆ ಸುರಿಯುವ ತಿಂಗಳು. ಕೆಲವು ಕಡೆ ಹಿಮ ಕರಗಿ ದಾರಿಯೆಲ್ಲ ಕೆಸರಾಗುವ ತಿಂಗಳು. ಇನ್ನು ಕೆಲವು ಕಡೆ ಹವೆ ಬಹಳ ಚೆನ್ನಾಗಿದ್ದು, ಅದಕ್ಕೇ ಊರು ತುಂಬ ಕಾರು ತುಂಬಿಕೊಳ್ಳುವ ತಿಂಗಳು.

ಆ ತಿಂಗಳಲ್ಲೇ ಮತ್ತೆ ಹೋಗಿ, ಹತ್ತು ದಿನವಾದರೂ ಇರಿ. ಹೋಟೆಲಲ್ಲಿ ಬೇಡ, ಅಡುಗೆ ನೀವೇ ಮಾಡಿಕೊಳ್ಳುವ ಬಾಡಿಗೆ ಮನೆಯಲ್ಲಿ. ಬಟ್ಟೆ ಒಗೆದು ಒಣಹಾಕಿ. ಕಸ ಎಲ್ಲಿ ಹಾಕುತ್ತಾರೆ ನೋಡಿ. ಕರೆಂಟ್ ಹೋದರೆ ಎಷ್ಟು ಹೊತ್ತಿಗೆ ಬರುತ್ತದೆ ಗಮನಿಸಿ. ಹತ್ತನೇ ದಿನವೂ ಊರು ಇಷ್ಟವಾಗಿಯೇ ಇದ್ದರೆ ಮುಂದಿನ ಪ್ರಶ್ನೆಗಳಿಗೆ ಹೋಗಬಹುದು.

ಸಣ್ಣ ಊರು ಅಂದ್ರೆ ಎಷ್ಟು ಸಣ್ಣದು? ಸಾವಿರ ಜನ? ಹತ್ತು ಸಾವಿರ?

ಜನಸಂಖ್ಯೆಯಿಂದ ಅಷ್ಟೇನೂ ಗೊತ್ತಾಗುವುದಿಲ್ಲ. ಮೂರು ಸಾವಿರ ಜನರ ತಾಲ್ಲೂಕು ಕೇಂದ್ರದಲ್ಲಿ ಸಿಗುವುದು ಎಂಟು ಸಾವಿರ ಜನರ ರೆಸಾರ್ಟ್ ಊರಲ್ಲಿ ಸಿಗದೇ ಹೋಗಬಹುದು. ನಾನು ನೋಡುವುದು ಇಷ್ಟು: ಔಷಧಿ ಅಂಗಡಿ ಇದೆಯಾ, ವರ್ಷಪೂರ್ತಿ ಊರಲ್ಲೇ ಇರುವ ಡಾಕ್ಟರ್ ಇದ್ದಾರಾ, ಶಾಲೆ ನಡೆಯುತ್ತಿದೆಯಾ, ನಲ್ಲಿ ಕೆಟ್ಟರೆ ವಾಷರ್ ಸಿಗುವ ಅಂಗಡಿ ಇದೆಯಾ. ನಿಮಗೆ ಮಕ್ಕಳಿಲ್ಲದಿದ್ದರೂ ಶಾಲೆ ನೋಡಿ. ಶಾಲೆ ಮುಚ್ಚಿದ ಊರಿನಿಂದ ಎಳೆಯ ಕುಟುಂಬಗಳು ಹೊರಡುತ್ತವೆ, ಅವರ ಹಿಂದೆ ಬಸ್ಸು ಕಮ್ಮಿಯಾಗುತ್ತದೆ, ಅದರ ಹಿಂದೆ ಅಂಗಡಿ.

ಎಷ್ಟು ಎತ್ತರದ ತನಕ ಹೋಗಬಹುದು? ಆರೋಗ್ಯಕ್ಕೆ ತೊಂದರೆ ಇಲ್ವಾ?

1500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 15ರಷ್ಟು ಕಮ್ಮಿ. 2500 ಮೀಟರಿನಲ್ಲಿ ಕಾಲು ಭಾಗ ಕಮ್ಮಿ. ಒತ್ತಡ ಎಷ್ಟು ಕಮ್ಮಿಯೋ ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಅಷ್ಟು ಕಮ್ಮಿ. ಸಾಮಾನ್ಯವಾಗಿ 2500 ಮೀಟರ್ ದಾಟಿದ ಮೇಲೆ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಶುರುವಾಗುತ್ತವೆ. ಅದಕ್ಕಿಂತ ಕೆಳಗೆ ಆರೋಗ್ಯವಂತರಿಗೆ ಎತ್ತರ ಒಂದು ಸಮಸ್ಯೆಯೇ ಅಲ್ಲ. ಮೊದಲ ವಾರ ಮೆಟ್ಟಿಲು ಹತ್ತುವಾಗ ಏದುಸಿರು ಬಂದೀತು, ಅಷ್ಟೇ.

ಹೃದಯದ ಕಾಯಿಲೆ, ಶ್ವಾಸಕೋಶದ ಹಳೇ ಕಾಯಿಲೆ, ಕುಡುಗೋಲು ಕಣ ರಕ್ತಹೀನತೆ (ಸಿಕಲ್ ಸೆಲ್ ಅನೀಮಿಯಾ) ಇರುವವರು ಮಾತ್ರ ಮನೆ ಹುಡುಕುವ ಮೊದಲು ತಮ್ಮ ಡಾಕ್ಟರನ್ನು ಕೇಳಬೇಕು. ಮನೆಯಲ್ಲಿ ಯಾರೋ ಒಬ್ಬರಿಗಿದ್ದರೂ ಅಷ್ಟೇ.

ಎತ್ತರದ ಸಣ್ಣಪುಟ್ಟ ಪರಿಣಾಮಗಳು ಅಡುಗೆಮನೆಯಲ್ಲೂ ಕಾಣುತ್ತವೆ. ಪ್ರತಿ 300 ಮೀಟರಿಗೆ ನೀರು ಕುದಿಯುವ ಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. 2000 ಮೀಟರಿನಲ್ಲಿ ನೀರು 93 ಡಿಗ್ರಿಗೇ ಕುದಿಯುವುದರಿಂದ ಯಾವುದೂ ಬೇಗ ಬೇಯುವುದಿಲ್ಲ. ಕುಕ್ಕರ್ ಇಲ್ಲದಿದ್ದರೆ ಗ್ಯಾಸ್ ಜಾಸ್ತಿ ಖರ್ಚು. ಬಿಸಿಲಿನ ಅತಿನೇರಳೆ ಕಿರಣ ಪ್ರತಿ ಸಾವಿರ ಮೀಟರಿಗೆ ಸುಮಾರು ಶೇ. 10ರಷ್ಟು ಏರುತ್ತದೆ. ಚಳಿ ಇದೆ ಅಂತ ಟೋಪಿ ಬಿಟ್ಟು ಓಡಾಡಿದರೆ ಮುಖ ಸುಟ್ಟುಕೊಳ್ಳುತ್ತದೆ.

ಎತ್ತರ ಜಾಸ್ತಿ ಇದ್ದಷ್ಟೂ ತಂಪು ಅಲ್ವಾ? ಹಾಗಾದ್ರೆ ಎತ್ತರ ನೋಡಿಯೇ ಹವೆ ಹೇಳಬಹುದಲ್ವಾ?

ಸರಾಸರಿ ಲೆಕ್ಕದಲ್ಲಿ ಹೌದು. ಸಾವಿರ ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ತಂಪು. ಆದರೆ ಭೂಮಧ್ಯರೇಖೆಯಿಂದ ಎಷ್ಟು ದೂರ ಎನ್ನುವುದೂ ಅಷ್ಟೇ ಮುಖ್ಯ. ಈಕ್ವೆಡಾರ್ ದೇಶದ ಕ್ವಿಟೊ 2850 ಮೀಟರ್ ಎತ್ತರದಲ್ಲಿದ್ದರೂ ವರ್ಷಪೂರ್ತಿ ವಸಂತದ ಹಾಗೆ ಇರುತ್ತದೆ. ಸ್ವಿಟ್ಜರ್ಲೆಂಡಿನ ದಾವೋಸ್ ಅದರ ಅರ್ಧಕ್ಕಿಂತ ಸ್ವಲ್ಪವೇ ಜಾಸ್ತಿ ಎತ್ತರ, ಚಳಿಗಾಲವಿಡೀ ಹಿಮ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಗಳಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ತಣ್ಣನೆಯ ಗಾಳಿ ಭಾರ. ಅದು ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಆಗ ತಳದಲ್ಲಿ ಕೊರೆಯುವ ಚಳಿ, ನೂರಿನ್ನೂರು ಮೀಟರ್ ಮೇಲಿನ ಇಳಿಜಾರಿನಲ್ಲಿ ಬೆಚ್ಚಗೆ. ಒಲೆಯ ಹೊಗೆ, ವಾಹನದ ಹೊಗೆ ಎಲ್ಲ ಆ ತಣ್ಣನೆಯ ಗಾಳಿಯ ಜೊತೆ ತಳದಲ್ಲೇ ಕೂತುಬಿಡುತ್ತದೆ. "ಬೆಟ್ಟದ ಶುದ್ಧ ಗಾಳಿ" ಹುಡುಕಿಕೊಂಡು ಬಂದು ಬಟ್ಟಲಿನಂಥ ಕಣಿವೆಯ ತಳದಲ್ಲಿ ಮನೆ ಮಾಡಿ ಕೆಮ್ಮುವವರನ್ನು ನೋಡಿದ್ದೇನೆ. ಚಳಿಗಾಲದ ಬೆಳಗ್ಗೆ ಏಳು ಗಂಟೆಗೆ ಊರಿನ ಮೇಲಿನ ಗುಡ್ಡಕ್ಕೆ ಹತ್ತಿ ಕೆಳಗೆ ನೋಡಿ. ಹೊಗೆಯ ಪದರ ಎಲ್ಲಿ ಕೂತಿದೆಯೋ ಅದಕ್ಕಿಂತ ಮೇಲೆ ಮನೆ ಹುಡುಕಿ.

## ಸದ್ದು, ಜನ, ಬಿಸಿಲು, ಮಳೆ

ಬೆಟ್ಟದ ಊರು ಅಂದ್ಮೇಲೆ ಶಾಂತವಾಗಿಯೇ ಇರುತ್ತೆ. ಅದರಲ್ಲಿ ನೋಡೋದೇನು?

ನನ್ನ ಮೊದಲ ತಪ್ಪು ಇದೇ. ಮನೆ ಬೆಟ್ಟದ ಏಣಿನ, ಅಂದರೆ ಉದ್ದನೆಯ ನೆತ್ತಿಯ ಮೇಲಿತ್ತು. ಜಗಲಿಯಲ್ಲಿ ಕೂತರೆ ಇಡೀ ಕಣಿವೆ ಕಾಣುತ್ತಿತ್ತು. ಕೆಳಗೆ ದೂರದಲ್ಲಿ ದಾರದ ಹಾಗೆ ಒಂದು ರಸ್ತೆ. ಹಗಲು ನೋಡಲು ಹೋದಾಗ ಏನೂ ಕೇಳಿಸಲಿಲ್ಲ. ಮನೆ ಸೇರಿದ ಮೊದಲ ರಾತ್ರಿಯಿಂದಲೇ ಲಾರಿಗಳು ತಿರುವಿನಲ್ಲಿ ಗೇರ್ ಇಳಿಸುವ ಸದ್ದು ದಿಂಬಿನ ಪಕ್ಕದಲ್ಲೇ ಬಂದ ಹಾಗೆ ಕೇಳತೊಡಗಿತು.

ಆಮೇಲೆ ಕಾರಣ ತಿಳಿಯಿತು. ಸದ್ದು ಅಡ್ಡಿಯಿಲ್ಲದ ಕಡೆ ನೇರವಾಗಿ ಬರುತ್ತದೆ. ರಸ್ತೆ ಕಣ್ಣಿಗೆ ಕಂಡರೆ ಕಿವಿಗೂ ಕೇಳುತ್ತದೆ. ರಾತ್ರಿ ನೆಲದ ಹತ್ತಿರದ ಗಾಳಿ ಮೇಲಿನದಕ್ಕಿಂತ ತಣ್ಣಗಿದ್ದಾಗ ಮೇಲೆ ಹೋಗಬೇಕಾದ ಸದ್ದು ಕೆಳಕ್ಕೆ ಬಾಗಿ ಬಹಳ ದೂರ ಹೋಗುತ್ತದೆ. ಹಗಲಿನ ಗದ್ದಲವೂ ಆಗ ಇರುವುದಿಲ್ಲ. ಸಾಲಾಗಿ ವಾಹನ ಓಡುವ ರಸ್ತೆಯ ಸದ್ದು, ದೂರ ಎರಡು ಪಟ್ಟಾದಾಗ ಇಳಿಯುವುದು ಸುಮಾರು 3 ಡೆಸಿಬೆಲ್ ಮಾತ್ರ. ಕಿವಿಗೆ "ಅರ್ಧ ಆಯ್ತು" ಅನ್ನಿಸಲು ಸುಮಾರು 10 ಡೆಸಿಬೆಲ್ ಇಳಿಯಬೇಕು. ಅಂದರೆ 50 ಮೀಟರ್ ದೂರದ ಮನೆ ಬಿಟ್ಟು 400 ಮೀಟರ್ ದೂರದ ಮನೆಗೆ ಹೋದರೂ ಸದ್ದು ಹತ್ತಿರ ಹತ್ತಿರ ಅರ್ಧ ಆಗುತ್ತದೆ, ಇಲ್ಲವಾಗುವುದಿಲ್ಲ. ನಡುವೆ ಒಂದು ಗುಡ್ಡ ಅಡ್ಡ ಬಂದರೆ ಮಾತ್ರ ಕಥೆಯೇ ಬೇರೆ. ದೂರಕ್ಕಿಂತ ಅಡ್ಡ ಮುಖ್ಯ.

ಹಾಗಾಗಿ ನಕ್ಷೆಯಲ್ಲಿ ಮೊದಲು ನೋಡಬೇಕಾದ್ದು ರಸ್ತೆ. ಊರಿನ ಮೂಲಕ ಹಾದು ಇನ್ನೆಲ್ಲಿಗೋ ಹೋಗುವ ರಸ್ತೆಯೋ, ಊರಲ್ಲೇ ಮುಗಿಯುವ ರಸ್ತೆಯೋ? ಘಾಟಿ ರಸ್ತೆಯ ಮೇಲಿನ ಊರಲ್ಲಿ ಏರುವ ಲಾರಿಯ ಎಂಜಿನ್, ಇಳಿಯುವ ಲಾರಿಯ ಬ್ರೇಕ್, ತಿರುವಿಗೊಂದು ಹಾರ್ನ್. ದಾರಿ ಮುಗಿಯುವ ಊರಲ್ಲಿ ಬರುವವರು ಆ ಊರಿಗೇ ಬಂದವರು.

ರಸ್ತೆ ಬಿಟ್ಟು ಬೇರೆ ಸದ್ದುಗಳೂ ಉಂಟು. ಜನರೇಟರ್, ಮರ ಕೊಯ್ಯುವ ಗರಗಸ, ಧ್ವನಿವರ್ಧಕ, ಕಲ್ಲು ಗಣಿ. ಹೊಳೆಯ ಸದ್ದನ್ನು ಮಾತ್ರ ನಾನು ಈ ಪಟ್ಟಿಗೆ ಸೇರಿಸುವುದಿಲ್ಲ. ಅದು ಒಂದೇ ಸಮ ಇರುವುದರಿಂದ ಉಳಿದ ಸದ್ದುಗಳನ್ನು ನುಂಗಿಕೊಳ್ಳುತ್ತದೆ. ಮನೆ ಒಪ್ಪುವ ಮುಂಚೆ ರಾತ್ರಿ ಹನ್ನೊಂದಕ್ಕೆ ಮತ್ತು ಬೆಳಗಿನ ಜಾವ ಐದಕ್ಕೆ ಅಂಗಳದಲ್ಲಿ ಸುಮ್ನೆ ಹತ್ತು ನಿಮಿಷ ನಿಂತು ಕೇಳಿ. ಮನೆ ಮಾಲೀಕರಿಗೆ ವಿಚಿತ್ರ ಅನ್ನಿಸಬಹುದು, ಅನ್ನಿಸಲಿ.

ವಾಹನವೇ ಬಿಡದ ಊರುಗಳು ಇವೆಯಂತೆ. ಅಲ್ಲಿಗೇ ಹೋದರೆ?

ಇವೆ. ಸ್ವಿಟ್ಜರ್ಲೆಂಡಿನ ತ್ಸೆರ್ಮಾಟ್‌ನಲ್ಲಿ ಪೆಟ್ರೋಲ್, ಡೀಸೆಲ್ ಕಾರು ಬಿಡುವುದಿಲ್ಲ, ಓಡಾಡುವುದು ಸಣ್ಣ ವಿದ್ಯುತ್ ಗಾಡಿಗಳು. ಮಹಾರಾಷ್ಟ್ರದ ಮಾಥೇರಾನ್‌ನಲ್ಲೂ ಪ್ರವಾಸಿಗರ ವಾಹನಗಳನ್ನು ಊರ ಹೊರಗೇ ನಿಲ್ಲಿಸಬೇಕು. ಆದರೆ ವಾಹನ ಇಲ್ಲ ಅನ್ನುವುದೇ ಪ್ರವಾಸಿಗರನ್ನು ಸೆಳೆಯುವ ಸಂಗತಿ ಆಗಿಬಿಡುತ್ತದೆ. ಎಂಜಿನ್ ಸದ್ದು ಹೋಗಿ ಜನರ ಸದ್ದು ಬರುತ್ತದೆ. ಜೊತೆಗೆ ಗ್ಯಾಸ್ ಸಿಲಿಂಡರ್, ಸಿಮೆಂಟ್, ಕಾಯಿಲೆಯವರು ಇವೆಲ್ಲ ಹೇಗೆ ಸಾಗುತ್ತವೆ ಅಂತ ವಿಚಾರಿಸದೆ ಹೋಗಬೇಡಿ.

ಪ್ರವಾಸಿಗರು ಬರುವ ಊರನ್ನು ಪೂರ್ತಿ ಬಿಟ್ಟುಬಿಡಬೇಕಾ?

ಬೇಕಿಲ್ಲ. ಸ್ವಲ್ಪ ಪ್ರವಾಸಿಗರು ಬರುವುದರಿಂದಲೇ ಎಷ್ಟೋ ಸಣ್ಣ ಊರುಗಳಲ್ಲಿ ಬಸ್ಸು, ಬ್ಯಾಂಕು ಉಳಿದಿವೆ. ಲೆಕ್ಕ ಹಾಕಬೇಕಾದ್ದು ಊರಿನ ಜನ ಎಷ್ಟು, ಬರುವವರು ಎಷ್ಟು ಅಂತ. ಆಸ್ಟ್ರಿಯದ ಹಾಲ್‌ಸ್ಟಾಟ್‌ನಲ್ಲಿ ಇರುವವರು ಎಂಟುನೂರರ ಒಳಗೆ, ಭರ್ತಿ ದಿನಗಳಲ್ಲಿ ಬರುವವರು ಹತ್ತು ಸಾವಿರದಷ್ಟು. 2023ರಲ್ಲಿ ಜನ ಫೋಟೋ ತೆಗೆಯಲು ಮುಗಿಬೀಳುವ ಜಾಗಕ್ಕೆ ಮರದ ಬೇಲಿಯನ್ನೇ ಕಟ್ಟಿದ್ದರು, ಆಮೇಲೆ ಟೀಕೆ ಬಂದು ತೆಗೆದರು. ಅಷ್ಟರ ಮಟ್ಟಿಗೆ ಬೇಸತ್ತಿದ್ದರು.

ಇದರ ಉಲ್ಟಾ ಸಮಸ್ಯೆಯೂ ಇದೆ. ಸೀಸನ್ ಮುಗಿದ ಮೇಲೆ ಊರೇ ಖಾಲಿ. ಮನೆಗಳೆಲ್ಲ ಪಟ್ಟಣದವರದ್ದು, ವರ್ಷದಲ್ಲಿ ಮೂರು ವಾರ ಬಾಗಿಲು ತೆಗೆಯುತ್ತವೆ. ಸ್ವಿಟ್ಜರ್ಲೆಂಡಿನಲ್ಲಿ ಇದು ಎಷ್ಟು ದೊಡ್ಡ ತಲೆನೋವಾಯಿತೆಂದರೆ, ಯಾವ ಊರಲ್ಲೂ ಇಂಥ ಎರಡನೇ ಮನೆಗಳು ಶೇ. 20 ದಾಟಬಾರದು ಅಂತ 2012ರಲ್ಲಿ ಜನಮತದಿಂದಲೇ ತೀರ್ಮಾನಿಸಿದರು. ನೀವು ಪರೀಕ್ಷೆ ಮಾಡುವುದು ಸುಲಭ. ಸೀಸನ್ ಇಲ್ಲದ ತಿಂಗಳಲ್ಲಿ, ವಾರದ ನಡುವಿನ ಒಂದು ಸಂಜೆ ಏಳೂವರೆಗೆ ಊರು ಸುತ್ತಿ, ದೀಪ ಹತ್ತಿದ ಕಿಟಕಿ ಎಣಿಸಿ. ಹತ್ತು ಮನೆಗೆ ಮೂರರಲ್ಲಿ ಮಾತ್ರ ದೀಪ ಇದ್ದರೆ ಅದು ಶಾಂತ ಊರಲ್ಲ, ಬೀಗ ಹಾಕಿದ ಊರು.

ಬೆಟ್ಟದ ಯಾವ ಮಗ್ಗುಲಲ್ಲಿ ಮನೆ ಒಳ್ಳೇದು?

ಬಿಸಿಲು ಬೀಳುವ ಮಗ್ಗುಲು. ಉತ್ತರ ಗೋಳಾರ್ಧದಲ್ಲಿ ಸಾಮಾನ್ಯವಾಗಿ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು, ದಕ್ಷಿಣ ಗೋಳಾರ್ಧದಲ್ಲಿ ಉತ್ತರಕ್ಕೆ ಮುಖ ಮಾಡಿದ್ದು. ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ಇದರ ತೂಕ ಜಾಸ್ತಿ. ಆಲ್ಪ್ಸ್‌ನ ಫ್ರೆಂಚ್ ಮಾತಾಡುವ ಜನ ಬಿಸಿಲ ಮಗ್ಗುಲಿಗೆ "ಅದ್ರೆ" (adret), ನೆರಳಿನ ಮಗ್ಗುಲಿಗೆ "ಉಬಾಕ್" (ubac) ಅಂತ ಬೇರೆ ಬೇರೆ ಹೆಸರೇ ಇಟ್ಟುಕೊಂಡಿದ್ದಾರೆ. ಹಳೆಯ ಮನೆಗಳು, ಹೊಲಗಳು ಹೆಚ್ಚಾಗಿ ಬಿಸಿಲ ಕಡೆ. ನೆರಳಿನ ಕಡೆ ಕಾಡು.

ನಾರ್ವೆಯ ರ್‍ಯೂಕಾನ್ ಎಂಬ ಊರು ಕಡಿದಾದ ಕಣಿವೆಯ ತಳದಲ್ಲಿದೆ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ತನಕ ನೇರ ಬಿಸಿಲೇ ಬೀಳುವುದಿಲ್ಲ. ಊರಿನವರು ಚಳಿಗಾಲದಲ್ಲಿ ಮೇಲೆ ಹೋಗಿ ಸೂರ್ಯನನ್ನು ನೋಡಿ ಬರಲಿ ಅಂತ 1928ರಲ್ಲಿ ರೋಪ್‌ವೇ ಹಾಕಿದರು. 2013ರಲ್ಲಿ ಬೆಟ್ಟದ ಮೇಲೆ ಮೂರು ದೊಡ್ಡ ಕನ್ನಡಿ ನಿಲ್ಲಿಸಿ ಊರ ಚೌಕಕ್ಕೆ ಬಿಸಿಲು ಬೀಳುವ ಹಾಗೆ ಮಾಡಿದರು. ಇಟಲಿಯ ವಿಗನೆಲ್ಲಾ ಎಂಬ ಹಳ್ಳಿ 2006ರಲ್ಲೇ ಇಂಥ ಕನ್ನಡಿ ಇಟ್ಟಿತ್ತು. ಕೇಳಲು ಚಂದ. ಆದರೆ ಕನ್ನಡಿ ಇಟ್ಟು ಬಿಸಿಲು ತರಿಸಿಕೊಳ್ಳುವ ಮಟ್ಟಕ್ಕೆ ಜನ ಹೋಗುತ್ತಾರೆ ಅಂದರೆ ನೆರಳಿನಲ್ಲಿ ಬದುಕುವುದು ಎಷ್ಟು ಕಷ್ಟ ಯೋಚನೆ ಮಾಡಿ.

ನನ್ನ ಎರಡನೇ ಮನೆ ನೆರಳಿನ ಮಗ್ಗುಲಲ್ಲಿತ್ತು. ಬಾಡಿಗೆ ಯಾಕೆ ಕಮ್ಮಿ ಅಂತ ನಾನು ಕೇಳಲಿಲ್ಲ. ಚಳಿಗಾಲದಲ್ಲಿ ಮಧ್ಯಾಹ್ನ ಎರಡಕ್ಕೇ ಬೆಟ್ಟದ ನೆರಳು ಅಂಗಳಕ್ಕೆ ಬರುತ್ತಿತ್ತು, ಎದುರು ಮಗ್ಗುಲಲ್ಲಿ ಐದರ ತನಕ ಹೊನ್ನಿನ ಬಿಸಿಲು. ದಿನಾ ಅದನ್ನು ನೋಡುತ್ತಾ ಕೂರುವುದೇ ಒಂದು ಶಿಕ್ಷೆ. ಸೂರ್ಯ ಅತಿ ತಗ್ಗಿನಲ್ಲಿ ಸಾಗುವ ದಿನಗಳಲ್ಲಿ ಮನೆಗೆ ಎಷ್ಟು ಗಂಟೆ ಬಿಸಿಲು ಅಂತ ಪಕ್ಕದ ಮನೆಯವರನ್ನು ಕೇಳಿ. ಮಾಲೀಕರನ್ನಲ್ಲ.

ಮಳೆ ಎಷ್ಟು ಅಂತ ಹೇಗೆ ತಿಳಿಯೋದು? ಜಿಲ್ಲೆಯ ಸರಾಸರಿ ನೋಡಿದರೆ ಸಾಕಾ?

ಸಾಲದು. ಬೆಟ್ಟಗಳಲ್ಲಿ ಐವತ್ತು ಕಿಲೋಮೀಟರಿಗೆ ಮಳೆ ಬದಲಾಗುತ್ತದೆ. ಮೇಘಾಲಯದ ಚಿರಾಪುಂಜಿಯಲ್ಲಿ ವರ್ಷಕ್ಕೆ ಸುಮಾರು 11,000 ಮಿಲಿಮೀಟರ್. ಅಷ್ಟೇ ದೂರದಲ್ಲಿ, ಬೆಟ್ಟದ ಆಚೆಗಿರುವ ಶಿಲ್ಲಾಂಗ್‌ನಲ್ಲಿ ಅದರ ಕಾಲು ಭಾಗವೂ ಇಲ್ಲ. ಮಳೆ ಹೊತ್ತ ಗಾಳಿ ಎದುರು ಮಗ್ಗುಲಲ್ಲಿ ಏರಿ ತಣ್ಣಗಾಗಿ ಸುರಿಯುತ್ತದೆ, ಆಚೆ ಇಳಿಯುವಾಗ ಒಣಗಿರುತ್ತದೆ. ಊರಿಗೆ ಹತ್ತಿರದ ಮಳೆಮಾಪಕ ಬೆಟ್ಟದ ಯಾವ ಕಡೆ ಇದೆ ನೋಡಿ ಅಂಕಿ ಓದಿ.

ಮಳೆಗಿಂತ ಜಾಸ್ತಿ ಕಾಡುವುದು ತೇವ. ಕಪಾಟಿನ ಹಿಂದಿನ ಗೋಡೆ ಮುಟ್ಟಿ, ಹಾಸಿಗೆ ಮೂಸಿ. ಹೊಸದಾಗಿ ಬಣ್ಣ ಹೊಡೆದ ಮನೆ ತೋರಿಸಿದರೆ ನನಗೆ ಮೊದಲು ಬರುವ ಅನುಮಾನ ಬೂಷ್ಟು.

## ದಿನದಿನದ ಬದುಕು

ಆಸ್ಪತ್ರೆ ಎಷ್ಟು ದೂರ ಇದ್ದರೆ ಪರವಾಗಿಲ್ಲ?

ಕಿಲೋಮೀಟರಿನಲ್ಲಿ ಅಳೆಯಬೇಡಿ, ಗಂಟೆಯಲ್ಲಿ ಅಳೆಯಿರಿ. ಅದೂ ಕೆಟ್ಟ ತಿಂಗಳ ರಾತ್ರಿಯ ಗಂಟೆಯಲ್ಲಿ. ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬಡಿದರೆ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ಆ ಅವಧಿಯಲ್ಲಿ ಗುರುತಿಸುವುದು, ವಾಹನ ಬರುವುದು, ಬೆಟ್ಟ ಇಳಿಯುವುದು, ಸ್ಕ್ಯಾನ್ ಮಾಡುವುದು ಎಲ್ಲ ಮುಗಿಯಬೇಕು. ಹಾಗಾಗಿ ಕೇಳಬೇಕಾದ ಪ್ರಶ್ನೆ "ಆಸ್ಪತ್ರೆ ಇದೆಯಾ" ಅಂತ ಅಲ್ಲ. "ಸ್ಕ್ಯಾನ್ ಇರುವ, ರಾತ್ರಿ ಡಾಕ್ಟರ್ ಇರುವ ಆಸ್ಪತ್ರೆ ಎಷ್ಟು ಗಂಟೆ?" ಎರಡು ಗಂಟೆಗಿಂತ ಜಾಸ್ತಿ ಇದ್ದರೆ ನಾನು ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವುದಿಲ್ಲ. ಒಬ್ಬನೇ ಆದರೆ ಹೋಗಿಯೇನು.

ವಯಸ್ಸಾದವರು ಬೆಟ್ಟದಲ್ಲಿ ಇರಬಹುದಾ?

ಬೆಟ್ಟದ ಹವೆ ಒಗ್ಗುತ್ತದೆ. ಒಗ್ಗದಿರುವುದು ಮೆಟ್ಟಿಲು. ಮನೆಯಿಂದ ರಸ್ತೆಗೆ ಎಷ್ಟು ಮೆಟ್ಟಿಲು ಎಣಿಸಿ, ಆ ಮೆಟ್ಟಿಲನ್ನು ಮಂಡಿನೋವಿನ ದಿನ, ಮಳೆಯಲ್ಲಿ, ಕೈಯಲ್ಲಿ ಚೀಲ ಹಿಡಿದು ಹತ್ತುವುದನ್ನು ನೆನೆಸಿಕೊಳ್ಳಿ.

ಮನೆಯಿಂದಲೇ ಕೆಲಸ ಮಾಡ್ತೀನಿ. ಇಂಟರ್ನೆಟ್ ಹೇಗಿರುತ್ತೆ?

ಊರಲ್ಲಿ ಚೆನ್ನಾಗಿದೆ ಅನ್ನುವುದಕ್ಕೂ ನಿಮ್ಮ ಮನೆಯಲ್ಲಿ ಚೆನ್ನಾಗಿದೆ ಅನ್ನುವುದಕ್ಕೂ ಸಂಬಂಧವಿಲ್ಲ. ಟವರ್ ಮತ್ತು ಮನೆಯ ನಡುವೆ ಒಂದು ದಿಣ್ಣೆ ಬಂದರೆ ಮುಗಿಯಿತು. ಫೋನ್ ಹಿಡಿದು ಕೋಣೆ ಕೋಣೆ ಸುತ್ತಿ. ಫೈಬರ್ ಇದ್ದರೆ ಅದು ಕಂಬದ ಮೇಲೆ ಬಂದಿದೆಯೋ ನೆಲದೊಳಗೋ ಕೇಳಿ. ಕಂಬದ ಮೇಲಿನದು ಮರ ಬಿದ್ದಾಗಲೆಲ್ಲ ಹೋಗುತ್ತದೆ.

ಉಪಗ್ರಹದ ಇಂಟರ್ನೆಟ್ ಎರಡು ಬಗೆ. 35,786 ಕಿಲೋಮೀಟರ್ ಎತ್ತರದ ಹಳೆಯ ಬಗೆಯಲ್ಲಿ ಮಾತು ಹೋಗಿ ಬರಲು ಅರ್ಧ ಸೆಕೆಂಡಿನಷ್ಟು ತಡ. ವೀಡಿಯೊ ಸಭೆಯಲ್ಲಿ ಒಬ್ಬರ ಮಾತಿನ ಮೇಲೆ ಒಬ್ಬರು ಬೀಳುತ್ತೀರಿ. ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಹೊಸ ಬಗೆಯಲ್ಲಿ ಆ ತೊಂದರೆ ಇಲ್ಲ, ಆದರೆ ಮನೆಯ ಮೇಲೆ ಆಕಾಶ ಅಗಲವಾಗಿ ತೆರೆದಿರಬೇಕು. ಇಕ್ಕಟ್ಟಾದ ಕಣಿವೆಯಲ್ಲಿ, ದಟ್ಟ ಮರಗಳ ನಡುವೆ ಅದೂ ಕೈಕೊಡುತ್ತದೆ.

ಮನೆಗೆ ಒರತೆಯ ನೀರು ಬರುತ್ತೆ ಅಂದ್ರು. ನಂಬಬಹುದಾ?

ನೀರು ಬರುತ್ತದೆ ಅನ್ನುವುದನ್ನು ನಂಬಬಹುದು. ಬೇಸಿಗೆಯ ಕೊನೆಗೂ ಬರುತ್ತದಾ ಅನ್ನುವುದನ್ನು ಅಳೆದೇ ನೋಡಬೇಕು. ಒಣ ತಿಂಗಳಲ್ಲಿ ಒಂದು ಬಕೆಟ್, ಒಂದು ಗಡಿಯಾರ ತೆಗೆದುಕೊಂಡು ಹೋಗಿ. ಹತ್ತು ಲೀಟರ್ ತುಂಬಲು ಐದು ನಿಮಿಷ ಹಿಡಿದರೆ ದಿನಕ್ಕೆ 2,880 ಲೀಟರ್. ಒಂದು ಮನೆಗೆ ಧಾರಾಳ, ಆರು ಮನೆಗೆ ಜಗಳ. ಆ ಒರತೆಯಿಂದ ಎಷ್ಟು ಪೈಪ್ ಹೊರಟಿವೆ ಎಣಿಸಿ. ಮೇಲೆ ಯಾರ ಜಾಗ, ಅಲ್ಲಿ ಶೌಚದ ಗುಂಡಿ ಇದೆಯಾ ಅಂತಲೂ ನೋಡಿ. ಸಾವಿರ ಜನ ಹೊಗಳಿದ ನೀರನ್ನೂ ಒಮ್ಮೆ ಪರೀಕ್ಷೆಗೆ ಕೊಡಿ.

## ಮನೆ, ನೆಲ, ಅಪಾಯ

ಬಾಡಿಗೆಗೆ ಹೋಗಲಾ, ಕೊಂಡುಬಿಡಲಾ?

ಒಂದು ವರ್ಷ ಪೂರ್ತಿ ಬಾಡಿಗೆ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಬಾಡಿಗೆ ಮನೆಯೇ ಸಿಗದ ಊರಾದರೆ, ಯಾಕೆ ಸಿಗುತ್ತಿಲ್ಲ ಅಂತ ಪತ್ತೆ ಮಾಡಿ. ಹೆಚ್ಚಾಗಿ ಎಲ್ಲ ಮನೆಗಳೂ ದಿನದ ಬಾಡಿಗೆಗೆ ಹೋಗಿರುತ್ತವೆ.

ಜಾಗ ಕುಸಿಯುತ್ತಾ ಅಂತ ಮಾಮೂಲಿ ಜನ ಹೇಗೆ ಕಂಡುಹಿಡಿಯೋದು?

ಪೂರ್ತಿ ಕಂಡುಹಿಡಿಯಲು ಭೂವಿಜ್ಞಾನ ಓದಿದವರು ಬೇಕು. ಆದರೆ ನೆಲ ತಾನಾಗಿಯೇ ಕೊಡುವ ಕೆಲವು ಗುರುತುಗಳನ್ನು ಯಾರು ಬೇಕಾದರೂ ಓದಬಹುದು. ಇಳಿಜಾರಿನ ಮರಗಳ ಬುಡ ಕೆಳಮುಖವಾಗಿ ಬಾಗಿ ಆಮೇಲೆ ನೆಟ್ಟಗೆ ಬೆಳೆದಿದ್ದರೆ ಮೇಲ್ಮಣ್ಣು ನಿಧಾನವಾಗಿ ಜಾರುತ್ತಿರಬಹುದು. ಕಂಬ, ಬೇಲಿ ವಾಲಿರುವುದು, ಬಾಗಿಲು ಕಿಟಕಿ ಇದ್ದಕ್ಕಿದ್ದಂತೆ ಕಚ್ಚಿಕೊಳ್ಳುವುದು, ಗೋಡೆಯಲ್ಲಿ ಓರೆ ಬಿರುಕು, ಮುಂಚೆ ಇಲ್ಲದ ಕಡೆ ನೀರು ಜಿನುಗುವುದು, ತಡೆಗೋಡೆ ಹೊಟ್ಟೆ ಉಬ್ಬಿರುವುದು. ಒಂದು ಕಂಡರೆ ವಿಚಾರಿಸಿ, ಮೂರು ಕಂಡರೆ ಹಿಂದೆ ಬನ್ನಿ.

ಸಮತಟ್ಟಾದ ಜಾಗ ಕಂಡು ಮರುಳಾಗಬೇಡಿ ಅಂತಲೂ ಹೇಳಬೇಕು. ಕಡಿದಾದ ಬೆಟ್ಟದ ನಡುವೆ ಅಷ್ಟು ಅಗಲ ಮಟ್ಟಸ ಜಾಗ ಎಲ್ಲಿಂದ ಬಂತು? ಎಷ್ಟೋ ಸಲ ಅದು ಹಳೆಯ ಕುಸಿತದ ರಾಶಿ. ಇಲ್ಲವೇ ಪಕ್ಕದ ಹಳ್ಳ ಶತಮಾನಗಳಿಂದ ನೆರೆಯಲ್ಲಿ ತಂದು ಬೀಸಣಿಗೆಯ ಹಾಗೆ ಹರಡಿದ ಕಲ್ಲುಮಣ್ಣು. ತಂದು ಹಾಕಿದ ಹಳ್ಳ ಇನ್ನೂ ಅಲ್ಲೇ ಇರುತ್ತದೆ. ಉತ್ತರಾಖಂಡದ ಜೋಶಿಮಠ ನಿಂತಿರುವುದು ಹಳೆಯ ಭೂಕುಸಿತದ ರಾಶಿಯ ಮೇಲೆ. ಅಲ್ಲಿ ಭಾರೀ ಕಟ್ಟಡ ಬೇಡ ಅಂತ ಸರ್ಕಾರದ ಸಮಿತಿಯೊಂದು 1976ರಲ್ಲೇ ಎಚ್ಚರಿಸಿತ್ತು. ಕಟ್ಟುವುದು ನಿಲ್ಲಲಿಲ್ಲ. 2023ರ ಜನವರಿಯಲ್ಲಿ ನೂರಾರು ಮನೆಗಳಲ್ಲಿ ಬಿರುಕು ಬಿಟ್ಟು ಜನ ಮನೆ ಬಿಡಬೇಕಾಯಿತು.

ಅಪಾಯದ ನಕ್ಷೆಯಲ್ಲಿ ನಮ್ಮ ಜಾಗ ಸುರಕ್ಷಿತ ಅಂತ ತೋರಿಸ್ತಿದೆ. ಅಷ್ಟು ಸಾಕಲ್ವಾ?

ನಕ್ಷೆ ನೋಡಿದ್ದು ಒಳ್ಳೆಯ ಕೆಲಸ, ಹೆಚ್ಚಿನವರು ಅದನ್ನೂ ನೋಡುವುದಿಲ್ಲ. ಆದರೆ ನಕ್ಷೆ ಹಿಂದೆ ಆದದ್ದರ ಮೇಲೆ ನಿಂತಿರುತ್ತದೆ. 1999ರ ಫೆಬ್ರವರಿಯಲ್ಲಿ ಆಸ್ಟ್ರಿಯದ ಗಾಲ್ಟ್ಯೂರ್ ಎಂಬ ಹಳ್ಳಿಗೆ ಹಿಮಕುಸಿತ ನುಗ್ಗಿ 31 ಜನ ಸತ್ತರು. ಅದು ನುಗ್ಗಿದ ಕೆಲವು ಮನೆಗಳು ಸುರಕ್ಷಿತ ಅಂತ ಗುರುತಿಸಿದ ಜಾಗದಲ್ಲೇ ಇದ್ದವು.

ಆದ್ದರಿಂದ ನಕ್ಷೆಯ ಜೊತೆಗೆ ಇನ್ನೊಂದು ನೋಡಿ: ಬೆಟ್ಟವನ್ನು ಯಾರಾದರೂ ಕಾಯುತ್ತಿದ್ದಾರಾ? ಸ್ವಿಟ್ಜರ್ಲೆಂಡಿನ ಬ್ಲಾಟೆನ್ ಹಳ್ಳಿಯ ಮೇಲೆ 2025ರ ಮೇ 28ರಂದು ಹಿಮನದಿ, ಬಂಡೆ ಎಲ್ಲ ಒಟ್ಟಿಗೆ ಕುಸಿದು ಊರಿನ ಬಹುಪಾಲು ಮುಚ್ಚಿಹೋಯಿತು. ಬೆಟ್ಟ ಅಲುಗಾಡುವುದನ್ನು ಗಮನಿಸಿ ಸುಮಾರು 300 ಜನರನ್ನು ಅದಕ್ಕೂ ಎಷ್ಟೋ ದಿನ ಮುಂಚೆಯೇ ಹೊರಗೆ ಕಳಿಸಿದ್ದರು. ಊರು ಹೋಯಿತು, ಹೊರಗೆ ಕಳಿಸಿದ್ದ ಜನ ಉಳಿದರು. ನೀವು ನೋಡುತ್ತಿರುವ ಊರಲ್ಲಿ ಎಚ್ಚರಿಕೆ ಯಾರು ಕೊಡುತ್ತಾರೆ, ಹೇಗೆ ಕೊಡುತ್ತಾರೆ, ಹಿಂದಿನ ಸಲ ಯಾವಾಗ ಕೊಟ್ಟಿದ್ದರು ಅಂತ ಕೇಳಿ. ಯಾರಿಗೂ ಗೊತ್ತಿಲ್ಲದಿದ್ದರೆ ಅದೇ ಉತ್ತರ.

ಊರಿಗೆ ಒಂದೇ ರಸ್ತೆ ಇದೆ. ನೀವೇ ಹೇಳಿದ್ರಲ್ಲ, ದಾರಿ ಮುಗಿಯುವ ಊರು ಶಾಂತ ಅಂತ?

ಹೌದು, ಇಲ್ಲಿ ನನ್ನ ಮಾತಿಗೇ ನನ್ನ ಮಾತು ಅಡ್ಡ ಬರುತ್ತದೆ. ಒಂದೇ ರಸ್ತೆಯ ಊರು ಶಾಂತ, ಆದರೆ ಆ ರಸ್ತೆ ಮುಚ್ಚಿದ ದಿನ ನೀವು ಒಳಗೆ. ಕುಸಿತ, ಹಿಮ ಆದರೆ ಮನೆಯಲ್ಲೇ ಕೂತು ಕಾಯಬಹುದು. ಬೆಂಕಿ ಆದರೆ ಕಾಯಲು ಆಗುವುದಿಲ್ಲ. ಕಾಡಿನ ಬೆಂಕಿ ಏರಿನಲ್ಲಿ ವೇಗವಾಗಿ ಓಡುತ್ತದೆ. ಇಳಿಜಾರು ಹತ್ತು ಡಿಗ್ರಿ ಕಡಿದಾದರೆ ಬೆಂಕಿಯ ವೇಗ ಸುಮಾರು ಎರಡು ಪಟ್ಟು ಅಂತ ಒಂದು ಅಂದಾಜು ಲೆಕ್ಕ. ಕ್ಯಾಲಿಫೋರ್ನಿಯದ ಪ್ಯಾರಡೈಸ್ ಎಂಬ ಊರು ಏಣಿನ ಮೇಲೆ, ಮರಗಳ ನಡುವೆ ಇತ್ತು. 2018ರ ನವೆಂಬರ್ 8ರಂದು ಬೆಂಕಿ ಬಂದಾಗ ಹೊರಬರುವ ರಸ್ತೆಗಳು ಕಾರುಗಳಿಂದ ಕಟ್ಟಿಕೊಂಡವು. ಆ ಕಾಳ್ಗಿಚ್ಚಿನಲ್ಲಿ 85 ಜನ ಸತ್ತರು.

ಒಣಕಾಡಿನ ನಡುವೆ, ಏಣಿನ ಮೇಲೆ, ಒಂದೇ ರಸ್ತೆ: ಈ ಮೂರೂ ಸೇರಿದ ಊರು ಬೇಡ. ತೇವದ ಕಾಡಿನ ಊರಾದರೆ ಒಂದೇ ರಸ್ತೆಯನ್ನು ನಾನು ಒಪ್ಪುತ್ತೇನೆ. ಆದರೆ ಎರಡು ವಾರಕ್ಕೆ ಆಗುವಷ್ಟು ದಿನಸಿ, ಔಷಧಿ ಮನೆಯಲ್ಲಿ ಸದಾ ಇಟ್ಟಿರುತ್ತೇನೆ. ಕಾಲುದಾರಿಯಲ್ಲಾದರೂ ಇನ್ನೊಂದು ಕಡೆ ಇಳಿಯಲು ಆಗಬೇಕು.

## ಇನ್ನೂ ತೊಡಕಿನವು

ಕೆಲವು ಬೆಟ್ಟದ ಊರುಗಳು ಬಂದು ನೆಲೆಸಿದವರಿಗೆ ದುಡ್ಡು ಕೊಡ್ತವಂತೆ, ಹೋಗಬಹುದಾ?

ಕೊಡುವುದು ನಿಜ, ಷರತ್ತುಗಳೂ ನಿಜ. ಸ್ವಿಟ್ಜರ್ಲೆಂಡಿನ ಆಲ್ಬಿನೆನ್ ಎಂಬ ಸಣ್ಣ ಹಳ್ಳಿ 2017ರಲ್ಲಿ ಇಂಥ ಯೋಜನೆ ಒಪ್ಪಿತು. ವಯಸ್ಸು 45ರ ಒಳಗಿರಬೇಕು, ಅಲ್ಲಿ ಮನೆಗೆ ದೊಡ್ಡ ಮೊತ್ತ ಹಾಕಬೇಕು, ಹತ್ತು ವರ್ಷ ಇರಬೇಕು. ಮುಂಚೆಯೇ ಬಿಟ್ಟರೆ ದುಡ್ಡು ವಾಪಸ್. ಇಂಥ ಊರುಗಳು ದಾನ ಮಾಡುತ್ತಿಲ್ಲ, ಮಕ್ಕಳಿಲ್ಲದ ಶಾಲೆಗೆ ಮಕ್ಕಳನ್ನು ಹುಡುಕುತ್ತಿವೆ. ನೀವು ದುಡ್ಡಿಲ್ಲದೆಯೂ ಆ ಊರಿಗೆ ಹೋಗುತ್ತಿದ್ದಿರಾ? ಹೌದಾದರೆ ಮಾತ್ರ ಅರ್ಜಿ ಹಾಕಿ.

ಊರಿನವರು ಹೊರಗಿನವರನ್ನು ಸೇರಿಸಿಕೊಳ್ತಾರಾ?

ನಿಧಾನವಾಗಿ. ಬೆಟ್ಟದ ಸಣ್ಣ ಊರಲ್ಲಿ ನಿಮ್ಮನ್ನು ಎಲ್ಲರೂ ಮೊದಲ ವಾರವೇ ನೋಡಿರುತ್ತಾರೆ, ಮಾತಾಡಿಸಲು ಮಾತ್ರ ಒಂದು ಚಳಿಗಾಲ ಕಾಯುತ್ತಾರೆ. ಎಷ್ಟೋ ಜನ ಬಂದು ಮೊದಲ ಕೆಟ್ಟ ತಿಂಗಳಲ್ಲೇ ಓಡಿಹೋದದ್ದನ್ನು ಅವರು ಕಂಡಿದ್ದಾರೆ. ನೀವೂ ಅವರ ಸಾಲಿಗೆ ಸೇರುವವರೇನೋ ಅಂತ ಅನುಮಾನ.

ನನಗೆ ಬಾಗಿಲು ತೆರೆದದ್ದು ಒಂದು ಸಲಿಕೆ. ಮಳೆಗೆ ದಾರಿಯ ಚರಂಡಿ ಕಟ್ಟಿಕೊಂಡಿತ್ತು, ನಾಲ್ಕು ಜನ ಮಣ್ಣು ಎತ್ತುತ್ತಿದ್ದರು. ನಾನೂ ಹೋಗಿ ನಿಂತೆ. ಕೆಲಸ ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತಾಯಿತು. ಮಾರನೇ ದಿನದಿಂದ ಹೆಸರು ಹಿಡಿದು ಕರೆದರು. ಬಂದ ಹೊಸದರಲ್ಲಿ ಮಾಡಬಾರದ್ದು ಒಂದೇ: "ನಮ್ಮ ಕಡೆ ಹೀಗಲ್ಲ" ಅನ್ನುವುದು. ಮತ್ತೆ, ಹಳೆಯ ಕಾಲುದಾರಿ ನಿಮ್ಮ ಜಾಗದಲ್ಲಿ ಹಾದುಹೋದರೆ ಬೇಲಿ ಹಾಕಬೇಡಿ.

ಅಷ್ಟೊಂದು ಶಾಂತಿ ಬೇಸರ ಆಗಲ್ವಾ?

ಆಗುತ್ತದೆ. ಮೊದಲ ಎರಡು ತಿಂಗಳು ಹಬ್ಬ, ಮೂರನೇ ತಿಂಗಳು ಬೇಸರ. ಮಂಜು ಮುಸುಕಿ ಒಂದು ವಾರ ಎದುರಿನ ಮರವೂ ಕಾಣದಿದ್ದಾಗ ಮನಸ್ಸು ಕುಗ್ಗುತ್ತದೆ. ದಿನಾ ಹೊರಗೆ ಹೋಗಲು ಒಂದು ನೆಪ ಇಟ್ಟುಕೊಳ್ಳಿ, ಹಾಲು ತರುವುದಾದರೂ ಸರಿ. ಮಂಕು ಕವಿದು ಎರಡು ವಾರ ದಾಟಿಯೂ ಹೋಗದಿದ್ದರೆ ಅದನ್ನು ಬರೀ ಬೇಸರ ಅಂತ ತಳ್ಳಿಹಾಕದೆ ಡಾಕ್ಟರಿಗೆ ತೋರಿಸಿ. ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಬೆಟ್ಟ ಇಷ್ಟವಾಗಿದ್ದರೆ ಸ್ಥಳ ಹುಡುಕುವ ಮುಂಚೆ ಆ ಮಾತು ಮುಗಿಸಿಕೊಳ್ಳಿ.

ಎಲ್ಲ ನೋಡಿ ಆಯ್ತು. ಎರಡು ಊರು ಉಳಿದಿವೆ, ತೀರ್ಮಾನ ಆಗ್ತಿಲ್ಲ.

ಇಬ್ಬರು ಈ ಪ್ರಶ್ನೆ ಕೇಳಿದಾಗ ಇಬ್ಬರಿಗೂ ಒಂದೇ ಕೆಲಸ ಹೇಳಿದೆ. ಎರಡೂ ಊರಿನಿಂದ, ಕೆಟ್ಟ ತಿಂಗಳ ಒಂದು ಮಂಗಳವಾರ, ಬೆಳಗ್ಗೆ ಆರಕ್ಕೆ ಹೊರಟು ಬಸ್ಸಲ್ಲಿ ಹತ್ತಿರದ ಪಟ್ಟಣಕ್ಕೆ ಹೋಗಿ. ಒಂದು ಔಷಧಿ ಕೊಳ್ಳಿ, ಸಂಜೆ ಬಸ್ಸಲ್ಲಿ ವಾಪಸ್ ಬನ್ನಿ. ಒಬ್ಬರು ತಮ್ಮ ಎರಡನೇ ಊರಿನ ಬಸ್ಸಿಗೆ ಕಾದು ಕಾದು, ಅದು ಮಂಗಳವಾರ ಓಡುವುದೇ ಇಲ್ಲ ಅಂತ ತಿಳಿದುಕೊಂಡು ಬಂದರು. ಇನ್ನೊಬ್ಬರು ಬಸ್ಸಲ್ಲಿ ಸಿಕ್ಕ ಅಜ್ಜಿಯ ಪಕ್ಕದ ಮನೆಯಲ್ಲೇ ಈಗ ಬಾಡಿಗೆಗೆ ಇದ್ದಾರೆ.